‘ಗೊತ್ತಿಲ್ಲ’ ಎಂಬ ಸುಳಿವು

ಟಿ. ನರಸೀಪುರದಿಂದ ನಂಜನಗೂಡಿಗೆ ಬರುವ ಬಸ್ಸಿನಲ್ಲಿ ಗೆಳೆಯ ಈ ಒಗಟು ಹೇಳಿದ. ಮೂರು ಬಿಳಿ, ಎರಡು ಕಪ್ಪು ಟೋಪಿಗಳಿವೆ. ಒಬ್ಬರ ಹಿಂದೊಬ್ಬರು ಕುಳಿತ ಮೂವರಿಗೆ, ಕಣ್ಣು ಮುಚ್ಚಿಸಿ, ಒಂದೊಂದು ತೊಡಿಸಿ ಉಳಿದೆರಡನ್ನು ಬಚ್ಚಿಡುತ್ತಾರೆ. ಇದೆಲ್ಲ ಮೂವರಿಗೂ ಗೊತ್ತು. ಕಣ್ಣು ತೆರೆದಾಗ ಹಿಂದಿನವನಿಗೆ ಎರಡು ಟೋಪಿ ಕಾಣುತ್ತವೆ, ನಡುವಿನವನಿಗೆ ಒಂದು, ಮುಂದಿನವನಿಗೆ ಒಂದೂ ಇಲ್ಲ. ‘ನಿನ್ನ ಟೋಪಿಯ ಬಣ್ಣ?’ ಎಂದರೆ ಹಿಂದಿನವನು ‘ಗೊತ್ತಿಲ್ಲ’ ಅಂದ. ನಡುವಿನವನೂ ‘ಗೊತ್ತಿಲ್ಲ’ ಅಂದ. ಮುಂದಿನವನು ಮಾತ್ರ ‘ಬಿಳಿ’ ಅಂದ!

ಬರೀ ಊಹೆ ಎಂದು ನಾನು ವಾದಿಸಿದೆ. ಸೋತೆ. ಎದುರಿಗೆ ಎರಡೂ ಕಪ್ಪು ಕಂಡಿದ್ದರೆ ಹಿಂದಿನವನು ತನ್ನದು ಬಿಳಿ ಎನ್ನುತ್ತಿದ್ದ. ಅನ್ನಲಿಲ್ಲ, ಹಾಗಾದರೆ ಮುಂದಿನ ಇಬ್ಬರಲ್ಲಿ ಒಬ್ಬರದಾದರೂ ಬಿಳಿ. ಇದನ್ನು ತಿಳಿದ ನಡುವಿನವನು ಎದುರಿಗೆ ಕಪ್ಪು ಕಂಡಿದ್ದರೆ ತನ್ನದು ಬಿಳಿ ಎನ್ನಬೇಕಿತ್ತು. ಅವನೂ ಅನ್ನಲಿಲ್ಲ. ಆದ್ದರಿಂದ ಮುಂದಿನವನದೇ ಬಿಳಿ.

2015ರಲ್ಲಿ ಜಗತ್ತನ್ನೇ ತಲೆ ಕೆರೆದುಕೊಳ್ಳುವಂತೆ ಮಾಡಿದ ಸಿಂಗಪುರದ ‘ಶೆರಿಲ್ ಹುಟ್ಟುಹಬ್ಬ’ದ ಲೆಕ್ಕವೂ ಇದೇ ಜಾತಿಯದು.

ಒಂದು ಷರತ್ತಿದೆ: ಮೊದಲಿಬ್ಬರು ಸರಿಯಾಗಿ ಯೋಚಿಸಿ, ನಿಜ ಹೇಳಿರಬೇಕು. ತರಗತಿಯಲ್ಲಿ ‘ಅರ್ಥವಾಯಿತಾ?’ ಎಂದಾಗ ನಾವು ಕೂಗುವ ‘ಹೌದು ಸರ್’ ಕೇಳಿ, ನಮ್ಮ ಸರ್ ಏನೆಂದು ಲೆಕ್ಕ ಹಾಕಬೇಕು?