ಹೆಚ್ಚು ಇಳುವರಿಯಾ, ನಂಬಬಹುದಾದ ಇಳುವರಿಯಾ?

ಕಡೂರು, ಅಜ್ಜಂಪುರ ಕಡೆ ಮಳೆ ನಂಬಿ ಮೆಕ್ಕೆಜೋಳ ಹಾಕುವ ರೈತರು ಹೈಬ್ರಿಡ್ ಬೀಜ ಆರಿಸುವಾಗ ಸರಾಸರಿ ಇಳುವರಿ ಒಂದನ್ನೇ ನೋಡಿದರೆ ಸಾಕಾ? ಒಂದು ಲೆಕ್ಕ ಮಾಡೋಣ. ಅಂಕಿಗಳು ಊಹೆಯವು, ಮೂರು ವರ್ಷ, ಎಕರೆಗೆ ಕ್ವಿಂಟಲ್.

ಎ ತಳಿ: 30, 12, 33. ಸರಾಸರಿ 25.
ಬಿ ತಳಿ: 22, 20, 24. ಸರಾಸರಿ 22.

ಸರಾಸರಿಯಲ್ಲಿ ಎ ಮುಂದೆ. ಆದರೆ ಬೀಜ, ಗೊಬ್ಬರಕ್ಕೆ ಮಾಡಿದ ಸಾಲ ತೀರಿಸೋಕೆ ವರ್ಷಕ್ಕೆ 15 ಕ್ವಿಂಟಲ್ ಬೇಕು ಅಂದ್ಕೊಳ್ಳಿ. ಎರಡನೇ ವರ್ಷ ಹೂ ಬಿಡುವ ಹೊತ್ತಿಗೆ ಮಳೆ ಕೈಕೊಟ್ಟಿತು. ಆಗ ತೆನೆಯಲ್ಲಿ ಕಾಳು ಸರಿಯಾಗಿ ಕಟ್ಟಲ್ಲ. ಎ ಹಾಕಿದವರ ಸಾಲ ಹಾಗೇ ಉಳಿಯುತ್ತೆ.

ಇದನ್ನು ಅಳೆಯೋಕೆ ಎಬರ್‌ಹಾರ್ಟ್ ಮತ್ತು ರಸೆಲ್ 1966ರಲ್ಲಿ ಕೊಟ್ಟ ವಿಧಾನ ನಮಗೆ ಗೊತ್ತಿರೋ ರಿಗ್ರೆಶನ್ನೇ. ಎಕ್ಸ್ ಅಕ್ಷದಲ್ಲಿ ಆ ವರ್ಷ ಎಲ್ಲ ತಳಿಗಳ ಸರಾಸರಿ, ವೈ ಅಕ್ಷದಲ್ಲಿ ಒಂದು ತಳಿಯ ಇಳುವರಿ. ನಮ್ಮ ಲೆಕ್ಕದಲ್ಲಿ ಎ ತಳಿಯ ಸ್ಲೋಪ್ ಸುಮಾರು 1.7, ಬಿ ತಳಿಯದು 0.3. ಸ್ಲೋಪ್ 1ಕ್ಕಿಂತ ಹೆಚ್ಚಿದ್ದರೆ ಒಳ್ಳೆ ವರ್ಷ ಜಾಸ್ತಿ ಏರುತ್ತೆ, ಕೆಟ್ಟ ವರ್ಷ ಜಾಸ್ತಿ ಬೀಳುತ್ತೆ. ಬಿಂದುಗಳು ಗೆರೆಯಿಂದ ದೂರ ಚೆದುರಿದ್ದರೆ ಆ ತಳಿ ಏನು ಕೊಡುತ್ತೆ ಅಂತ ಹೇಳೋಕೇ ಆಗಲ್ಲ.

ಹಾಗಂತ ಸ್ಲೋಪ್ ಒಂದೇ ಸಾಲದು. ಪ್ರತಿ ವರ್ಷ 10 ಕ್ವಿಂಟಲ್ ಮಾತ್ರ ಕೊಡುವ ತಳಿಯ ಸ್ಲೋಪ್ ಸೊನ್ನೆ, ಸಾಲವೂ ತೀರಲ್ಲ! ಸರಾಸರಿ, ಸ್ಲೋಪ್, ಚೆದುರುವಿಕೆ ಮೂರನ್ನೂ ಒಟ್ಟಿಗೆ ನೋಡಬೇಕು. ಬೋರ್‌ವೆಲ್ ನೀರಿದ್ದವರಿಗೆ ಎ ಸರಿ, ಮಳೆ ನಂಬಿದವರಿಗೆ ಬಿ.