ಮೊದಲು ಸದ್ದಿಗೆ ಕಿವಿಗೊಡಿ
ಕಿರುಚಿತ್ರ ಮಾಡಲು ಹೊರಟ ಗೆಳೆಯರೇ, ದುಬಾರಿ ಕ್ಯಾಮೆರಾ ಇಲ್ಲವೆಂದು ಕೊರಗಬೇಡಿ. ಮಾಧ್ಯಮ ವಿದ್ಯಾರ್ಥಿಯಾಗಿ ನನಗೆ ಮನದಟ್ಟಾಗಿರುವುದು ಇಷ್ಟು: ದೃಶ್ಯ ಕೊಂಚ ಮಸುಕಾದರೂ ನೋಡುಗರು ಸಹಿಸುತ್ತಾರೆ, ಮಾತು ಕೇಳಿಸದಿದ್ದರೆ ಎದ್ದು ಹೋಗುತ್ತಾರೆ. ಮೈಕನ್ನು ಮಾತಾಡುವವರ ಹತ್ತಿರವಿಡಿ, ಫ್ಯಾನ್ ಆರಿಸಿ. ಶೂಟಿಂಗ್ ಮುಗಿದ ಮೇಲೆ ಎಲ್ಲರೂ ಸುಮ್ಮನಿದ್ದು, ಆ ಕೋಣೆಯ ಸದ್ದನ್ನಷ್ಟೇ 30 ಸೆಕೆಂಡ್ ರೆಕಾರ್ಡ್ ಮಾಡಿಕೊಳ್ಳಿ. ಎಡಿಟಿಂಗ್‌ನಲ್ಲಿ ಮಾತಿನ ನಡುವೆ ಬೀಳುವ ಖಾಲಿ ಜಾಗ ತುಂಬಲು ಅದು ಬೇಕಾಗುತ್ತದೆ. ಇನ್ನು ಬೆಳಕಿನ ವಿಷಯ: ನಮ್ಮಲ್ಲಿ ಕರೆಂಟು 50 ಹರ್ಟ್ಸ್. ಹಾಗಾಗಿ ಟ್ಯೂಬ್‌ಲೈಟ್ ಬೆಳಕಿನಲ್ಲಿ ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಇಟ್ಟುಕೊಂಡರೆ ದೃಶ್ಯ ಮಿಣುಕುವುದು ತಪ್ಪುತ್ತದೆ. ಕೊನೆಗೆ, ಎಡಿಟಿಂಗ್‌ನಲ್ಲಿ ಯಾವ ಶಾಟ್ ಏಕೆ ಉಳಿಸಿದಿರಿ, ಯಾವುದನ್ನು ಏಕೆ ಕತ್ತರಿಸಿದಿರಿ ಎಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮುಂದಿನ ಚಿತ್ರಕ್ಕೆ ಕೈ ಹಾಕುವ ಮುನ್ನ ತಪ್ಪದೆ ಅದನ್ನು ಓದಿ.