ಕತ್ತಿಗೆ ತಕ್ಕ ಸಾಣೆ

ನಮ್ಮ ಕಲಿಕಾ ಕೇಂದ್ರಕ್ಕೆ ಬರುವ ಅಕ್ಕ ಒಬ್ಬರು ಒಂದು ವಾರ ಬರೆಯಲಿಲ್ಲ. ಬಲಗೈ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. "ಏನಾಯ್ತು ಅಕ್ಕಾ?" ಅಂತ ಕೇಳಿದೆ. "ಸೌತೆಕಾಯಿ ಕೊರೆಯುವಾಗ ಕೈ ಜಾರಿತು. ಮೆಟ್ಟುಕತ್ತಿ ಮೊಂಡಾಗಿತ್ತು" ಅಂದರು.

ಮೊಂಡು ಕತ್ತಿ ಕೈ ಕೊಯ್ಯುತ್ತದೆಯೇ? ಹೌದು. ಹರಿತವಾದ ಕತ್ತಿಗೆ ಸ್ವಲ್ಪ ಒತ್ತಿದರೆ ಸಾಕು. ಮೊಂಡು ಕತ್ತಿಗೆ ಬಲ ಹಾಕಬೇಕು. ಬಲ ಹಾಕಿದಾಗ ತರಕಾರಿ ಜಾರುತ್ತದೆ. ಅದರ ಜೊತೆ ಕೈಯೂ ಜಾರುತ್ತದೆ. ಹಾಗಾಗಿ ಮನೆಯಲ್ಲಿ ಕತ್ತಿ ಇದ್ದರೆ ಸಾಲದು. ಅದನ್ನು ಮಸೆಯುವ ಸಾಧನವೂ ಇರಬೇಕು. ಯಾವುದನ್ನು ಕೊಳ್ಳಬೇಕು? ಬನ್ನಿ, ತಿಳಿಯೋಣ.

ಮೊದಲು ನಿಮ್ಮ ಕತ್ತಿ ನೋಡಿ

ಕುಂಬಳೆ–ಬದಿಯಡ್ಕ ದಾರಿಯಲ್ಲಿ ನಮ್ಮ ಸೀತಾಂಗೋಳಿ ಪೇಟೆ ಇದೆ. ಪೇಟೆಗೆ ಹೋಗುವ ಮೊದಲು ಅಡುಗೆಮನೆಗೆ ಹೋಗಿ. ಅಲ್ಲಿ ಇರುವುದು ಮೆಟ್ಟುಕತ್ತಿಯೋ, ಕೈಯಲ್ಲಿ ಹಿಡಿಯುವ ಚೂರಿಯೋ? ಮೆಟ್ಟುಕತ್ತಿಯ ಅಲಗು ಬಾಗಿರುತ್ತದೆ, ಮಣೆಗೆ ಕೂಡಿರುತ್ತದೆ. ಚೂರಿಯ ಅಲಗು ಹೆಚ್ಚುಕಡಿಮೆ ನೇರ. ಎಲ್ಲ ಸಾಧನಗಳೂ ಎರಡಕ್ಕೂ ಹೊಂದುವುದಿಲ್ಲ.

ಸಾಧನಗಳು ಯಾವುವು?

1. ಸಾಣೆಕಲ್ಲು: ಹಿಂದೆ ನಮ್ಮ ಹಿರಿಯರು ಮರದ ಹಲಗೆಯ ಮೇಲೆ ಬೆಣಚುಕಲ್ಲಿನ ಪುಡಿ ಹಾಕಿ ಕತ್ತಿ ಮಸೆಯುತ್ತಿದ್ದರು. ಈಗ ಅಂಗಡಿಯಲ್ಲಿ ಕಾರ್ಬೊರಂಡಮ್ ಕಲ್ಲು ಸಿಗುತ್ತದೆ. ಇದು ಕಾರ್ಖಾನೆಯಲ್ಲಿ ಮಾಡಿದ ಕಲ್ಲು. ಅಮೆರಿಕದ ಎಡ್ವರ್ಡ್ ಅಚೆಸನ್ 1891ರಲ್ಲಿ ಇದರ ಪುಡಿಯನ್ನು ತಯಾರಿಸಿದರು. ಕಲ್ಲು ಚೂರಿಗೂ ಆಗುತ್ತದೆ, ಮೆಟ್ಟುಕತ್ತಿಗೂ ಆಗುತ್ತದೆ. ಆದರೆ ಮಸೆಯಲು ಕಲಿಯಬೇಕು.

2. ಎಳೆಯುವ ಸಾಧನ: ಇದರಲ್ಲಿ ಒಂದು ಸಂದು ಇರುತ್ತದೆ. ಚೂರಿಯನ್ನು ಅದರೊಳಗೆ ಇಟ್ಟು ಎಳೆಯಬೇಕು. ಕೆಲಸ ಸುಲಭ. ಆದರೆ ಅಲಗು ಬೇಗ ಸವೆಯುತ್ತದೆ. ಮೆಟ್ಟುಕತ್ತಿಗೆ ಇದು ಹೇಳಿಸಿದ್ದಲ್ಲ. ಗರಗಸದಂಥ ಹಲ್ಲಿರುವ ಚೂರಿಗೂ ಬೇಡ.

3. ಉಕ್ಕಿನ ಸರಳು: ಮಾಂಸದ ಅಂಗಡಿಯಲ್ಲಿ ನೋಡಿರುತ್ತೀರಿ. ಇದು ಬಾಗಿದ ಬಾಯಿಯನ್ನು ನೇರ ಮಾಡುತ್ತದೆ. ಪೂರ್ತಿ ಮೊಂಡಾದ ಕತ್ತಿಗೆ ಇದು ಸಾಲದು.

ನಾನೂ ಒಮ್ಮೆ ಮೋಸ ಹೋದೆ. ಮನೆ ಬಾಗಿಲಿಗೆ ಬಂದವನ ಮಾತು ಕೇಳಿ ಎಳೆಯುವ ಸಾಧನ ಕೊಂಡೆ. ನಮ್ಮ ಮನೆಯಲ್ಲಿ ಇದ್ದದ್ದು ಮೆಟ್ಟುಕತ್ತಿ! ಅಮ್ಮ ನೋಡಿ, "ಓದಿದವಳು ನೀನು. ಕತ್ತಿ ನೋಡದೆ ಸಾಣೆ ತಂದೆಯಲ್ಲ" ಅಂದರು.

ಪೆಟ್ಟಿಗೆಯ ಮೇಲಿನ ಅಂಕೆ ಓದಿ

ಪೆಟ್ಟಿಗೆಯ ಮೇಲೆ ಇಂಗ್ಲಿಷ್ ಅಕ್ಷರ ಇರಬಹುದು. ಹೆದರಬೇಡಿ. ಅಂಕೆ ಓದಲು ಇಂಗ್ಲಿಷ್ ಬೇಡ. ಕಲ್ಲಿನ ಅಂಕೆ ಸಣ್ಣದಾದರೆ ಕಲ್ಲು ತರಿ. ಅಂಕೆ ದೊಡ್ಡದಾದರೆ ಕಲ್ಲು ನಯ. ಒಂದು ಬದಿ 400, ಇನ್ನೊಂದು ಬದಿ 1000 ಇದ್ದರೆ ಮನೆಗೆ ಸಾಕು. ಅಂಕೆ ಇಲ್ಲದಿದ್ದರೆ ಎರಡೂ ಬದಿಯನ್ನು ಉಗುರಿನಿಂದ ಗೀರಿ ನೋಡಿ. ತರಿ ಯಾವುದು, ನಯ ಯಾವುದು ತಿಳಿಯುತ್ತದೆ.

ಬೆಲೆಯನ್ನೂ ನೀವೇ ಓದಿ. ಪೆಟ್ಟಿಗೆಯಲ್ಲಿರುವ ಗರಿಷ್ಠ ಬೆಲೆಯಲ್ಲಿ ಎಲ್ಲ ತೆರಿಗೆಯೂ ಸೇರಿರುತ್ತದೆ. ಅದಕ್ಕಿಂತ ಹೆಚ್ಚು ಕೊಡಬೇಕಾಗಿಲ್ಲ.

ಮಸೆಯುವ ಕ್ರಮ

ಒದ್ದೆ ಬಟ್ಟೆಯ ಮೇಲೆ ಕಲ್ಲು ಇಡಿ. ಆಗ ಅದು ಜಾರುವುದಿಲ್ಲ. ಕಲ್ಲಿಗೆ ನೀರು ಹಾಕಿ. ಚೂರಿಯನ್ನು ಓರೆಯಾಗಿ ಹಿಡಿಯಿರಿ. ಚೂರಿಯ ಬೆನ್ನು ಕಲ್ಲಿನಿಂದ ಕಿರುಬೆರಳಿನ ದಪ್ಪದಷ್ಟು ಮೇಲಿರಲಿ. ಮೊದಲು ತರಿ ಬದಿಯಲ್ಲಿ, ಆಮೇಲೆ ನಯ ಬದಿಯಲ್ಲಿ ಉಜ್ಜಿ. ಅಲಗಿನ ಎರಡೂ ಕಡೆ ಸಮನಾಗಿ ಮಸೆಯಿರಿ.

ಮೆಟ್ಟುಕತ್ತಿಯಾದರೆ ಕತ್ತಿಯನ್ನು ಕಲ್ಲಿನ ಬಳಿ ತರಲಾಗದು. ಕಲ್ಲನ್ನೇ ಕತ್ತಿಯ ಬಳಿ ಒಯ್ಯಬೇಕು. ಅದಕ್ಕೆ ಕೈಯಲ್ಲಿ ಹಿಡಿಯುವಷ್ಟು ಸಣ್ಣ ಕಲ್ಲು ಬೇಕು. ಮಣೆಯನ್ನು ಕಾಲಿನಿಂದ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಬೆರಳುಗಳು ಕಲ್ಲಿನ ಹಿಂದೆಯೇ ಇರಲಿ. ಬಾಯಿಯ ಕಡೆ ಚಾಚಬೇಡಿ. ಅವಸರ ಬೇಡ. ಮಕ್ಕಳು ಹತ್ತಿರ ಇರಬಾರದು.

ಮಸೆದ ಮೇಲೆ ತೊಳೆದು, ಒರೆಸಿ. ಕಬ್ಬಿಣದ ಅಲಗಿಗೆ ಸ್ವಲ್ಪ ತೆಂಗಿನೆಣ್ಣೆ ಸವರಿ. ತುಕ್ಕು ಹಿಡಿಯುವುದಿಲ್ಲ. ಹಳೆ ಪೇಪರು ಕೊಯ್ದು ನೋಡಿ. ಹರಿಯದೆ ನೇರವಾಗಿ ಕೊಯ್ದರೆ ಕತ್ತಿ ಹರಿತವಾಗಿದೆ. ಅಲಗಿನ ಬಾಯಿ ದೊಡ್ಡದಾಗಿ ಮುಕ್ಕಾಗಿದ್ದರೆ ಮನೆಯಲ್ಲಿ ಸರಿಯಾಗದು. ಕಮ್ಮಾರರಿಗೆ ಕೊಡಿ.

ಆ ಅಕ್ಕನ ಗಾಯ ಈಗ ಮಾಸಿದೆ. ಅವರು ಸಣ್ಣ ಕಲ್ಲು ಕೊಂಡರು. ಪೆಟ್ಟಿಗೆಯ ಅಂಕೆಯನ್ನು ತಾವೇ ಓದಿದರು. ಈಗ ಅದೇ ಬೆರಳಿನಲ್ಲಿ ಪೆನ್ನು ಹಿಡಿಯುತ್ತಾರೆ.

ಅಭ್ಯಾಸ

1. ಮೊಂಡು ಕತ್ತಿಯಿಂದ ಕೈಗೆ ಗಾಯ ಏಕೆ ಆಗುತ್ತದೆ?
2. 400 ಮತ್ತು 1000 – ಯಾವ ಅಂಕೆಯ ಕಲ್ಲು ನಯ?
3. ಬಿಟ್ಟ ಪದ ತುಂಬಿ: ಮೆಟ್ಟುಕತ್ತಿ ಮಸೆಯಲು ______ ಕಲ್ಲು ಬೇಕು.
4. ನಿಮ್ಮ ಮನೆಯ ಕತ್ತಿಗಳ ಪಟ್ಟಿ ಮಾಡಿ. ಯಾವುದಕ್ಕೆ ಯಾವ ಸಾಣೆ ಎಂದು ಬರೆಯಿರಿ.